ಹೂವು ತುಳೀಬ್ಯಾಡ್ರಿ!

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ನೆಲದ ಮೇಲೆ ಪ್ರೀತಿ ಹೆಚ್ಚು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ! ಅವನ ಮನೆಗೆ ಹೋದವರು ಮಾತ್ರ ಯಾರೂ ನಕ್ಕಿಲ್ಲ, ಕುಂಟಿದ್ದಾರೆ!

ಎಪ್ಪತ್ತರ ದಶಕದ ಕೊನೆಯ ಮಾತು. ದಾವಣಗೆರೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಮಾವ ಆಗ್ರಾ ನೋಡಲು ಹೋದ. ಎಲ್ಲರೂ ಅಲ್ಲಿಂದ ಪೇಠಾ ಮಿಠಾಯಿ ತಂದರೆ ಇವನು ಹುಚ್ಚು ಹಿಡಿಸಿಕೊಂಡು ಬಂದ. ಬಿಳಿ ಅಮೃತಶಿಲೆ ಕೊರೆದು, ಅದರೊಳಗೆ ಬಣ್ಣದ ಕಲ್ಲಿನ ಹೂಬಳ್ಳಿ ಕೂರಿಸುವ ಹುಚ್ಚು! ಈ ಕೆಲಸ ಬಲ್ಲ ಸಾಬರೊಬ್ಬರನ್ನು ಹರಿಹರದಲ್ಲಿ ಹುಡುಕಿ, ಮೊದಲು ಅಂಗಡಿಗೆ ಹಾಸಿಸಿದ. ಆಯಿತಲ್ಲ, ಗಿರಾಕಿಗಳು ಸೀರೆ ನೋಡುವುದನ್ನೇ ಬಿಟ್ಟರು! ಸಾರಥಿ ಎಂಬ ಹಳ್ಳಿಯಿಂದ ಮದುವೆ ಜವಳಿಗೆ ಬಂದ ಅಜ್ಜಿಯೊಬ್ಬರು, ಎದುರಿಗೆ ನಲವತ್ತು ಸೀರೆ ಹರಡಿದ ಮೇಲೆ, ನೆಲ ತೋರಿಸಿ "ಈ ಡಿಸೈನಿಂದು ಐತೇನಪ್ಪಾ?" ಎಂದರು.

ಆಮೇಲೆ ಕೆ.ಬಿ. ಬಡಾವಣೆಯ ಮನೆ. "ಹೂವು ತುಳೀಬ್ಯಾಡ್ರಿ! ಬಿಳೀದ್ರ ಮ್ಯಾಲೆ ಕಾಲಿಡ್ರಿ!" ಎಂದು ಬಾಗಿಲಲ್ಲೇ ಕೂಗು. ಭಾರಿ ದೇಹದ ಬೀಗರೊಬ್ಬರು ಕುಂಟೆಬಿಲ್ಲೆ ಆಡುತ್ತ ಅಡುಗೆಮನೆ ಮುಟ್ಟುವಷ್ಟರಲ್ಲಿ ಬೆವತು, "ಊಟ ಆಮ್ಯಾಲೆ, ಮೊದ್ಲು ನೀರು ಕೊಡ್ರಿ" ಎಂದರು. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಮಾವ ಹಾಸಿದ ಕಲ್ಲನ್ನೇ ಕೀಳಿಸುತ್ತಿದ್ದ.

ಬಾಗಿಲ ಮುಂದಿನ ಜಾಗವೊಂದೇ ಖಾಲಿ ಉಳಿದಿತ್ತು. ಅದು ಅತ್ತೆಯ ರಂಗೋಲಿಯ ಜಾಗ. ಹಿಂದಿನ ವರ್ಷ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಗಿತ್ತು. ಸೊಸೆ ರಂಗೋಲಿ ಬಟ್ಟಲು ಹಿಡಿದು ಬಂದರೆ, "ನನ್ನ ಬಾಗ್ಲಿಗೆ ಬ್ಯಾರೇರ ಕೈ ಬ್ಯಾಡ" ಎಂದು ಮುಖ ತಿರುಗಿಸುತ್ತಿದ್ದಳು. ಬೆಳಗಾದರೆ ಆ ಬರಿ ನೆಲ ನೋಡಿ ಕಣ್ಣೊರೆಸಿಕೊಳ್ಳುವಳು. ಮಾವ ನೋಡಿಯೂ ನೋಡದವನಂತೆ ಹರಿಹರದ ಬಸ್ಸು ಹತ್ತುತ್ತಿದ್ದ. ಎಂಥ ಕಲ್ಲುಮನಸ್ಸು ಎಂದು ನಾನೇ ಬೈದುಕೊಂಡಿದ್ದೆ.

ಒಮ್ಮೆ ನನ್ನನ್ನೂ ಕರೆದೊಯ್ದ. ಸಾಬರು ನನ್ನ ಮುಂದೆ ಗೋಳು ತೋಡಿಕೊಂಡರು: "ರಂಗೋಲಿ ಕಲ್ಲು ಮೂರ್ಸಲ ಮಾಡೀನಿ, ಮೂರ್ಸಲಾನೂ ವಾಪಸ್! ಎಂಟು ಎಸಳೂ ಸಮ ಅದಾವಂತೆ, ಅದಕ್ಕೇ ಬ್ಯಾಡಂತೆ! ಸೊಟ್ಟ ಮಾಡು ಅನ್ನೋ ಗಿರಾಕಿನ ನನ್ ಜಿಂದಗಿನಾಗೇ ನೋಡಿಲ್ಲ, ಯಾ ಅಲ್ಲಾ!"

"ಎಡಗಡೆ ಕೆಳಗಿನ ಎಸಳು ಒಂಚೂರು ವಾಲ್ಬೇಕು ಸಾಬ್ರೇ" ಎಂದ ಮಾವ, ಅಂಗಡಿ ಚೀಟಿಯ ಹಿಂದೆ ಬರೆದ ಚಿತ್ರ ಮುಂದಿಟ್ಟು. ನಾನು ಆ ಚೀಟಿ ಕೈಗೆತ್ತಿಕೊಂಡೆ. ಅತ್ತೆಯ ರಂಗೋಲಿಯಲ್ಲಿ ಆ ಎಸಳು ದಿನವೂ ವಾಲುತ್ತಿತ್ತು. ಮಾವ ದಿನವೂ ಆಡಿಕೊಳ್ಳುತ್ತಿದ್ದ!

ನಾಲ್ಕನೆಯ ಕಲ್ಲು ಬಾಗಿಲ ಮುಂದೆ ಕೂತಿತು. ಅತ್ತೆ ಎಡಗೈಯಲ್ಲಿ ತಡವಿದಳು. ಬೆರಳು ಆ ಎಸಳಿನ ಮೇಲೆ ನಿಂತಿತು.

"ಮೂವತ್ತು ವರ್ಷ ಸೊಟ್ಟ ಸೊಟ್ಟ ಅಂತ ಜೀವ ತಿಂದ್ರಲ್ರಿ! ಈಗ ಕಲ್ಲಿನಾಗೆ ಯಾಕ ಹಾಕ್ಸಿದ್ರಿ?"

"ನೆಟ್ಟಗಿದ್ರೆ ಬ್ಯಾರೇರ ಕೈ ಅಂತಿದ್ದೆ."

ಅತ್ತೆ ಅಳುತ್ತಲೇ ನಕ್ಕಳು. ನಾನು ಕಣ್ಣೊರೆಸಿಕೊಳ್ಳುತ್ತ ಒಳಗೆ ಹೊರಟೆ.

"ಏ, ಹೂವು ತುಳೀಬ್ಯಾಡೋ!"

ಈ ಸಲ ಕೂಗಿದವಳು ಅತ್ತೆ.