ಕಂಠಪ್ಪನ ಇಂಜಿನ್ನಿನಲ್ಲಿ ಸಿಕ್ಕ ಹಿತ್ತಾಳೆ

ಕಂಪಲಾಪುರದ ಅಕ್ಕಿ ವ್ಯಾಪಾರಿ ಕಂಠಪ್ಪನಿಗೆ ಕಾರಿನ ಆಯಿಲನ್ನು ತಾನೇ ಬದಲಾಯಿಸಬೇಕೆಂಬ ಬುದ್ಧಿ ಬಂದದ್ದು ಫೋನಿನಲ್ಲಿ ನೋಡಿದ ಒಂದು ವಿಡಿಯೊದಿಂದ. ಬುದ್ಧಿ ಬಂದ ದಿನ ಮಾತ್ರ ಸರಿಯಿರಲಿಲ್ಲ. ಅಂದು ಸಂಜೆ ಹೊಸ ಅಗ್ರಹಾರದಲ್ಲಿ ಹೆಂಡತಿಯ ತಮ್ಮ ಶರತ್ ಕೊಂಡಿದ್ದ ಹೊಸ ಕಾರಿಗೆ ಪೂಜೆ. "ಭಾವ, ನಿಮ್ಮ ಹಳೇ ಗಾಡಿ ನಮ್ಮೂರ್ಗಂಟ ಬತ್ತದಾ, ಇಲ್ಲ ನಾನೇ ಬಂದು ಕರ್ಕೊಂಡೋಗ್ಲಾ?" ಎಂದು ಅವನು ಕೇಳಿದ್ದ. ನನ್ನ ಕಾರಿನಲ್ಲೇ ಬಂದು ನಿನ್ನ ಬಾಗಿಲಲ್ಲಿ ಇಳಿಯುತ್ತೇನೆ ಎಂದು ಕಂಠಪ್ಪ ಮೀಸೆ ತಿರುವಿದ್ದ.

ಬೆಳಗ್ಗೆಯೇ ಕಾರಿನಡಿ ತೂರಿ, ಬೋಲ್ಟು ಬಿಚ್ಚಿ, ಹಳೇ ಆಯಿಲನ್ನು ಟಬ್ಬಿಗೆ ಇಳಿಸಿದ. ಅದನ್ನು ಕ್ಯಾನಿಗೆ ಸುರಿದ ಮೇಲೆ ಟಬ್ಬಿನ ತಳದಲ್ಲಿ ಏನೋ ಸಣ್ಣ ಚೂರುಗಳು ಉಳಿದವು. ಬಿಸಿಲಿಗೆ ಹಿಡಿದರೆ ಕಂದುಹಳದಿಯಾಗಿ ಮಿಂಚಿದವು. ಕಂಠಪ್ಪ ಪಕ್ಕದ ಮನೆಗೆ ಕೂಗು ಹಾಕಿದ.

ಪಕ್ಕದ ಮನೆಯ ವಿರೂಪಾಕ್ಷನಿಗೆ ಒಂದು ಟ್ರ್ಯಾಕ್ಟರ್ ಇತ್ತು, ಆದ್ದರಿಂದ ಎಲ್ಲ ಇಂಜಿನ್ನುಗಳ ಬಗ್ಗೆಯೂ ಅಭಿಪ್ರಾಯವಿತ್ತು. ಅವನು ಕೆಟ್ಟ ಸ್ಪೀಕರಿನ ಅಯಸ್ಕಾಂತ ತಂದು ಚೂರುಗಳ ಮೇಲೆ ಆಡಿಸಿದ. ಒಂದೂ ಅಂಟಲಿಲ್ಲ.

"ಕಬ್ಬಿಣ ಅಲ್ಲ ಕಣಣ್ಣ, ಇತ್ತಾಳೆ. ಇತ್ತಾಳೆ ಅಂದ್ರೆ ಬೇರಿಂಗು. ಬೇರಿಂಗು ಉದುರ್ತು ಅಂದ್ರೆ ಇಂಜಿನ್ ಮುಗೀತು ಅಂತ."

ಬಸ್ ಡ್ರೈವರಾಗಿದ್ದು ನಿವೃತ್ತನಾದ ಜವರಯ್ಯ ಒಂದು ಚೂರನ್ನು ಮೂಸಿ, ಉಗುರಲ್ಲಿ ಒತ್ತಿ, ಇಂಥದ್ದೇ ಚೂರು ಕಂಡ ಮಾರನೇ ದಿನ ತನ್ನ ಬಸ್ಸು ಘಾಟಿಯಲ್ಲಿ ನಿಂತ ಕತೆಯನ್ನು ವಿಸ್ತಾರವಾಗಿ ಹೇಳಿದ. ವಿರೂಪಾಕ್ಷನ ಹೆಂಡತಿ ಪುಷ್ಪಾ ಮಾತ್ರ ಇದು ಕಣ್ಣು ಬಿದ್ದದ್ದೇ ಎಂದಳು. ಬೆರಳಲ್ಲಿ ತಿಕ್ಕಿಯೇ ಅಕ್ಕಿಯ ತಳಿ ಹೇಳುತ್ತಾನೆಂದು ಹೆಸರಾದ ಕಂಠಪ್ಪನೂ ಒಂದು ಚೂರು ತಿಕ್ಕಿ ನೋಡಿ, ಹೌದು, ಹಿತ್ತಾಳೆಯೇ ಎಂದು ನಿಟ್ಟುಸಿರಿಟ್ಟ.

ಸ್ಟಾರ್ಟ್ ಮಾಡಿದರೆ ಇಂಜಿನ್ ಒಡೆದೇ ಹೋಗುತ್ತದೆಂದು ಎಲ್ಲರೂ ಹೆದರಿಸಿದ್ದರಿಂದ, ವಿರೂಪಾಕ್ಷನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಪಿರಿಯಾಪಟ್ಟಣಕ್ಕೆ ಎಳೆಸಿದ್ದಾಯಿತು. ಸಂತೆಗೆ ಹೊರಟ ಎಮ್ಮೆಯಂತೆ ಅದು ಹಿಂದೆ ಹಿಂದೆ ಹೋಯಿತು. ದಾರಿಯಲ್ಲಿ ಸಿಕ್ಕ ಗಿರಾಕಿಗಳೆಲ್ಲ ಏನಾಯಿತೆಂದು ಕೇಳಿದರು, ಕಂಠಪ್ಪ ಒಳಗೆ ತಲೆ ತಗ್ಗಿಸಿ ಸ್ಟೇರಿಂಗ್ ಹಿಡಿದಿದ್ದ. ಗ್ಯಾರೇಜಿನ ಯತೀಶ್ ಹಿತ್ತಾಳೆ ಎಂಬ ಮಾತು ಕೇಳಿದ್ದೇ ತಡ ಇಂಜಿನ್ ಇಳಿಸಿ ಬಿಚ್ಚಿ ಹರವಿದ. ಒಳಗೆ ಎಲ್ಲ ಚೆನ್ನಾಗಿತ್ತು. ಅದನ್ನು ನೋಡಿ ಅವನಿಗೆ ಇನ್ನಷ್ಟು ಅನುಮಾನ ಬಂತು.

ಇಷ್ಟೂ ಹೊತ್ತು ಪೂಜೆಗೆ ಹೂ ಕಟ್ಟುತ್ತ ಕೂತಿದ್ದ ಕಂಠಪ್ಪನ ಹೆಂಡತಿ ಪ್ರೇಮಮ್ಮನಿಗೆ ಗಂಡಸರ ಗಲಾಟೆ ಬೇಕಿರಲಿಲ್ಲ. ಗಾಡಿ ಕೆಟ್ಟಿದೆ ಎಂದಾಗ, "ಬಸ್ಸಲ್ಲೇ ಓಗಣ ಬುಡಿ" ಎಂದು ತಟ್ಟೆ ಬುಟ್ಟಿ ಎತ್ತಿಕೊಂಡಳು. ಬಸ್ಸು ಬದಲಿಸಿ ಇಳಿದ ಭಾವನನ್ನು ಕಂಡು ಶರತ್‌ಗೆ ಹಿಡಿಸಲಾರದಷ್ಟು ಸಂತೋಷ. ಆಯಿಲಿನಲ್ಲಿ ಹಿತ್ತಾಳೆ ಬಂದ ಸಂಗತಿ ಕೇಳಿದವನೇ ತನ್ನ ಕಾರಿನ ಬಾನೆಟ್ ಎತ್ತಿ, ಆಯಿಲಿನ ಮುಚ್ಚಳ ತಿರುಗಿಸಿ ತೆಗೆದು, ನೋಡಿ ಭಾವ, ನಮ್ಮದು ಜೇನುತುಪ್ಪ ಇದ್ದಂಗೈತೆ ಎಂದ.

ಅಷ್ಟರಲ್ಲಿ ಆರತಿ ಮುಗಿಸಿದ ಪ್ರೇಮಮ್ಮ ತಟ್ಟೆಯಿಂದ ಒಂದು ಹಿಡಿ ಅಕ್ಷತೆ ತೆಗೆದು, ಕಣ್ಣು ಮುಚ್ಚಿ ಹಾರೈಸಿ, ಆ ತೆರೆದ ಬಾಯಿಗೇ ಹಾಕಿದಳು.

"ಮೇಲಾಕಿದ್ರೆ ಗಾಳಿಗೆ ಆರೋಯ್ತದೆ ಕಣ್ಲಾ, ಒಟ್ಟೆಗೆ ಬಿದ್ರೆ ನಿಲ್ತದೆ. ಓದ್ ತಿಂಗಳು ನಿಮ್ ಭಾವ ಕಮ್ಮಿ ಆಗದೆ ಅಂತ ಒಸಿ ಆಯಿಲ್ ಆಕ್ತಾ ಮುಚ್ಚಳ ತೆಗೆದಿಟ್ಟು ಫೋನ್ ಮಾತಾಡಕ್ಕೋಗಿದ್ರು. ನಮ್ ಕಾರಿಗೂ ಅಂಗೇ ಆಕ್ದೆ."

ಕಂಠಪ್ಪನಿಗೆ ಬೆಳಗಿನಿಂದ ಆದದ್ದೆಲ್ಲ ಒಮ್ಮೆಲೇ ಅರ್ಥವಾಯಿತು. ಶರತ್ ಬಿಳಿಚಿಕೊಂಡು ಕೇಳಿದ: "ಭಾವ, ನಿಮ್ ಆಯಿಲಲ್ಲಿ ಸಿಕ್ಕಿದ್ದು ಅಕ್ಕೀನಾ?"

ನೆಂಟರೆಲ್ಲ ಕಂಠಪ್ಪನ ಕಡೆ ತಿರುಗಿದರು. ಅರ್ಧ ಜನ ಅವನ ಅಂಗಡಿಯ ಗಿರಾಕಿಗಳೇ. ಹೌದೆಂದರೆ ಅಕ್ಕಿ ವ್ಯಾಪಾರಿಗೇ ಅಕ್ಕಿ ಗೊತ್ತಾಗಲಿಲ್ಲವೆಂದು ಊರೂರೇ ನಗುತ್ತದೆ. ಶರತ್‌ನನ್ನು ನೋಡಿ ಪಾಪ ಅನಿಸಿದರೂ ಕಂಠಪ್ಪ ಮರ್ಯಾದೆಯನ್ನೇ ಆರಿಸಿಕೊಂಡ.

"ನಂಗೆ ಅಕ್ಕಿ ಗೊತ್ತಾಗಕ್ಕಿಲ್ವಾ ಶರತ? ಅದು ಇತ್ತಾಳೆನೇ. ಅಕ್ಷತೆ ಬಿದ್ರೆ ಗಾಡಿಗೇನೂ ಆಗಕ್ಕಿಲ್ಲ, ಕರಗೋಯ್ತದೆ."

ಶರತ್‌ಗೆ ಹೋದ ಜೀವ ಬಂತು. ಅದೇ ಖುಷಿಯಲ್ಲಿ ಅಕ್ಕ ಭಾವನನ್ನು ಹೊಸ ಕಾರಿನಲ್ಲೇ ಊರಿಗೆ ಬಿಡುವುದಾಗಿ ಹಟ ಹಿಡಿದ. ಬೇಡ ಎನ್ನಲು ಕಂಠಪ್ಪನ ಬಳಿ ಕಾರಣ ಉಳಿದಿರಲಿಲ್ಲ. ಕಾರಿನ ಸ್ಪೀಕರ್ ತೋರಿಸುವ ಚಪಲಕ್ಕೆ ಶರತ್ ಭಾವನ ಫೋನನ್ನೂ ಅದಕ್ಕೆ ಸೇರಿಸಿಕೊಟ್ಟ. ಹುಣಸೂರು ದಾಟುವಾಗ ಫೋನು ಬಂತು, ವಿರೂಪಾಕ್ಷನ ದನಿ ಕಾರು ತುಂಬಿತು.

"ಕಂಠಣ್ಣ, ಪುಷ್ಪಾ ಆ ಚೂರ್ನ ಸೋಪಾಕಿ ತೊಳುದ್ಲು. ಇತ್ತಾಳೆ ಅಲ್ಲ ಕಣಣ್ಣ, ಅಕ್ಕಿ. ನುಚ್ಚು ನೋಡಿದ್ರೇ ಗೊತ್ತಾಯ್ತದೆ, ನಿಮ್ಮಂಗಡೀದೇ ಅಂತಾವ್ಳೆ. ಅಂಗಡಿ ಮುಂದೆ ಊರೇ ಸೇರದೆ."

ಶರತ್ ಕಾರನ್ನು ಮೆಲ್ಲಗೆ ರಸ್ತೆ ಬದಿಗೆ ತಂದು, ಇಂಜಿನ್ ಆಫ್ ಮಾಡಿ, ಕೀ ತೆಗೆದು ಭಾವನ ಮುಖವನ್ನೇ ನೋಡುತ್ತ ಕೂತ. ಹಿಂದಿನ ಸೀಟಿನಲ್ಲಿ ಪ್ರೇಮಮ್ಮ, ಗಾಡಿ ಯಾಕೆ ನಿಂತಿತೆಂದು ಕೇಳಿದಳು.

ಕಂಠಪ್ಪ ಸ್ಪೀಕರಿನ ಕಡೆ ಬಾಗಿದ.

"ವಿರೂಪಾಕ್ಷ, ಟ್ರ್ಯಾಕ್ಟರಿಂದ ಆ ಅಗ್ಗ ಬಿಚ್ಚಿಬಿಟ್ಟಿದ್ದೀಯೇನಪ್ಪ?"