ಕಾಕಾ ಬರೆದ ಏಳನೆಯ ಸಿಇಟಿ

ನಮ್ಮ ಕಾಕಾ ಏಳು ಸಲ ಸಿಇಟಿ ಬರೆದಿದ್ದಾರೆ. ಒಮ್ಮೆಯೂ ಪರೀಕ್ಷಾ ಕೊಠಡಿಯ ಒಳಗೆ ಹೋಗಿಲ್ಲ!

ನಂಬಿಕೆ ಬರಲಿಲ್ಲವೇ? ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿ ಯಾರನ್ನಾದರೂ ಕೇಳಿ. ಮನೆತನದಲ್ಲಿ ಯಾವ ಮಗು ಪರೀಕ್ಷೆಗೆ ಕೂತರೂ ಕಾಕಾ ಹೇಳುವುದು ಒಂದೇ ಮಾತು: "ಈ ವರ್ಷ ನಾವು ಸಿಇಟಿ ಬರಿಯಾಕತ್ತೀವಿ." ಒಳ್ಳೆಯ ರ‍್ಯಾಂಕ್ ಬಂದರೆ "ನಾವು ಗೆದ್ವಿ." ಬರದಿದ್ದರೆ "ಅಂವಾ ಓದಲಿಲ್ಲ." ಏಳನೆಯ ಸಿಇಟಿ ಅವರು ಬರೆದದ್ದು ನನ್ನ ಹೆಸರಿನಲ್ಲಿ. ಅಪ್ಪ ಹಳ್ಳಿಯಲ್ಲಿ ಮೆಣಸಿನ ಹೊಲ ನೋಡಿಕೊಂಡಿದ್ದರು, ನಾನು ಓದಿಗಾಗಿ ಬ್ಯಾಡಗಿಯಲ್ಲಿ ಕಾಕಾನ ಮನೆಯಲ್ಲಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ, ಕೃಷಿ ಪದವಿ. ಅಪ್ಪನ ಹೊಲದಲ್ಲಿ ಮೆಣಸಿನ ಗಿಡದ ಎಲೆ ವರ್ಷವರ್ಷವೂ ಯಾಕೆ ಮುದುಡಿಕೊಳ್ಳುತ್ತದೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೆ. ಯಾರೂ ಸರಿಯಾಗಿ ಹೇಳಿರಲಿಲ್ಲ.

ಕಾಕಾನದು ಮೆಣಸಿನಕಾಯಿ ಖರೀದಿ. ಚೀಲದ ಮೇಲಿನ ಕಾಯಿಯನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಕಾಯಿ ತೆಗೆದು, ಮುರಿದು, ಮೂಸಿ, ಅಂಗೈಗೆ ಉಜ್ಜಿ ಬಣ್ಣ ನೋಡುತ್ತಾರೆ. "ಮ್ಯಾಲಿಂದು ಎಲ್ಲಾರದೂ ಕೆಂಪಗ ಇರತೈತಿ. ಕೈ ತಳಕ್ಕ ಹೋಗಬೇಕು." ಇನ್ನೊಂದು ವಿದ್ಯೆಯೂ ಇದೆ. ಬೇಡವಾದ ಚೀಲದ ಮುಂದೆ ನಿಂತು ಬಾಯ್ತುಂಬ ಹೊಗಳುತ್ತಾರೆ. ನಿಜವಾಗಿ ಬೇಕಾದ ಚೀಲ ಬಂತೋ, ಮುಖ ತಿರುಗಿಸಿ ಕೆಮ್ಮಿ ಮುಂದೆ ಹೋಗುತ್ತಾರೆ. ಮೆಣಸಿನ ಘಾಟು ಎಂದು ಎಲ್ಲರೂ ತಿಳಿಯುತ್ತಾರೆ. ಸಂಜೆಗೆ ಆ ಚೀಲ ಕಾಕಾನ ಅಂಗಡಿಯಲ್ಲಿರುತ್ತದೆ.

ಈ ವಿದ್ಯೆಯನ್ನು ಅವರು ಪೇಟೆಯಲ್ಲೇ ಬಿಟ್ಟು ಬಂದಿದ್ದರೆ ನನ್ನ ಕಷ್ಟ ಎಷ್ಟೋ ಕಡಿಮೆಯಾಗುತ್ತಿತ್ತು.

ಗೈಡ್ ಕೊಳ್ಳಲು ರಾಣೆಬೆನ್ನೂರಿಗೆ ಹೋದೆವು. ಅಂಗಡಿಯವರು ಎದುರಿಗಿದ್ದ ಪ್ರತಿ ಕೊಟ್ಟರೆ ಕಾಕಾ ಮುಟ್ಟಲಿಲ್ಲ. ರಾಶಿಯ ತಳದಿಂದ ಒಂದನ್ನು ಎಳೆದರು. ಮೇಲಿನ ಹದಿನೈದು ಪುಸ್ತಕ ನೆಲಕ್ಕೆ ಬಿದ್ದವು. ನಡುವಿನ ಹಾಳೆ ತೆರೆದು ಮೂಸಿ, "ಇದು ಹೋದ ವರ್ಷದ್ದು" ಎಂದರು. ಅಂಗಡಿಯವರು ಬಗ್ಗಿ ಬಿದ್ದ ಪುಸ್ತಕ ಎತ್ತಿಡತೊಡಗಿದರು. ಹೌದು, ಹೋದ ವರ್ಷದ್ದೇ. ಹೊದಿಕೆ ಮಾತ್ರ ಹೊಸದಿತ್ತು!

ಕಾಲೇಜುಗಳ ಪರೀಕ್ಷೆಯೂ ಹೀಗೆಯೇ. ಒಂದು ಕಡೆ ಪ್ರಾಂಶುಪಾಲರು ಬಣ್ಣದ ಪುಸ್ತಿಕೆ ಕೊಟ್ಟು, ಚಹಾ ತರಿಸಿ, ಪ್ರಯೋಗಾಲಯ ತೋರಿಸಲು ಎದ್ದರು. ಕಾಕಾ ಕೇಳಿದರು, "ಹೆಣ್ಣುಮಕ್ಕಳ ಬಚ್ಚಲಮನಿ ಯಾವ ಕಡೆ ಐತ್ರಿ?"

ಅವರು ಗಾಬರಿಯಾಗಿ ಗಂಡಸರ ಕಡೆ ಕೈ ತೋರಿಸಿದರು.

"ನನಗಲ್ರಿ, ನಮ್ಮ ಹುಡುಗಿಗೆ."

ನಾನು ಹೋಗಿ ನೋಡಿ ಬಂದೆ. "ಚಿಲಕ ಬೀಳತೈತೇನು?" ಎಂದರು ಕಾಕಾ, ಪ್ರಾಂಶುಪಾಲರ ಎದುರಿಗೇ.

"ಇಲ್ರಿ ಕಾಕಾ."

"ನಡಿ."

ಎರಡು ದಿನದಲ್ಲಿ ಮೂರು ಕಾಲೇಜು ಹೀಗೆ ಉರುಳಿದವು. ದೊಡ್ಡ ದೊಡ್ಡ ಸಮಿತಿಗಳು ಮೂರು ದಿನ ಕೂತು ಮಾಡುವ ಕೆಲಸವನ್ನು ಕಾಕಾ ಒಂದು ಚಿಲಕದಲ್ಲಿ ಮುಗಿಸುತ್ತಿದ್ದರು.

ಇನ್ನು ಮನೆಯಲ್ಲಿ ಅಭ್ಯಾಸ. ಗೈಡ್ ಹಿಡಿದು ಪ್ರಶ್ನೆಯನ್ನೂ ಅದರ ನಾಲ್ಕು ಉತ್ತರಗಳನ್ನೂ ಓದುವವರು ಕಾಕಾ, ಸರಿಯಾದದ್ದನ್ನು ಆರಿಸುವವಳು ನಾನು. ಪೇಟೆಯಲ್ಲಿ ಅವರ ಮುಖ ನೋಡಿ ರೇಟು ಊಹಿಸಿದವರಿಲ್ಲ. ಆದರೆ ಮನೆಯಲ್ಲಿ ಸರಿಯುತ್ತರ ಬಂದ ಕೂಡಲೇ ಅವರ ದನಿ ಏರುತ್ತಿತ್ತು! ನನ್ನನ್ನು ಸೋಲಿಸುವ ಧೈರ್ಯ ಅವರಿಗಿರಲಿಲ್ಲವೋ ಏನೋ. ಮನೆಯಲ್ಲಿ ಅರವತ್ತಕ್ಕೆ ಐವತ್ತೆಂಟು ತೆಗೆಯುತ್ತಿದ್ದವಳು ಕೋಚಿಂಗ್ ತರಗತಿಯಲ್ಲಿ ಇಪ್ಪತ್ತೊಂದು ತೆಗೆದೆ. ಅಲ್ಲಿ ನಾಲ್ಕೂ ಉತ್ತರಗಳು ಒಂದೇ ದನಿಯಲ್ಲಿದ್ದವು.

ದಾಖಲೆ ತೋರಿಸಲು ಹಾವೇರಿಗೆ ಹೋದ ಕಥೆ ಸಣ್ಣದು. ನನ್ನ ಪ್ರಮಾಣಪತ್ರಗಳೆಲ್ಲ ಕಾಕಾನ ಅಂಗಡಿಯ ಕಪಾಟಿನಲ್ಲಿ, ಸುರಕ್ಷಿತವಾಗಿ, ಮೆಣಸಿನ ಸ್ಯಾಂಪಲ್ ಪೊಟ್ಟಣಗಳ ಜೊತೆಗಿದ್ದವು. ಅಧಿಕಾರಿಗಳು ಕಡತ ಬಿಚ್ಚಿದರು. ಆರನೆಯ ಸೀನಿಗೆ ಸಹಿ ಹಾಕಿ ಕಳಿಸಿಬಿಟ್ಟರು.

ಹೇಗೋ ರ‍್ಯಾಂಕ್ ಬಂತು. ಪರವಾಗಿಲ್ಲ ಎನ್ನುವಂಥ ರ‍್ಯಾಂಕ್. ಇನ್ನು ಬೇಕಾದ ಕಾಲೇಜುಗಳನ್ನು ಒಂದು, ಎರಡು, ಮೂರು ಎಂದು ಕಂಪ್ಯೂಟರಿನಲ್ಲಿ ತುಂಬಬೇಕು. ಮೇಲಿನದು ಸಿಕ್ಕಿತೆಂದರೆ ಕೆಳಗಿನ ಆಸೆ ಬಿಟ್ಟ ಹಾಗೆಯೇ. ನನ್ನ ಕೃಷಿ ಕಾಲೇಜನ್ನು ಕಾಕಾ ನಾಲ್ಕನೆಯದಾಗಿ ಹಾಕಿಸಿದರು. (ಅದು ಯಾವ ಊರಿನದೆಂದು ಹೇಳುವುದಿಲ್ಲ. ಯಾಕೆಂದು ಕೊನೆಗೆ ನಿಮಗೇ ಗೊತ್ತಾಗುತ್ತದೆ.) ಮೊದಲ ಮೂರೂ ನನಗೆ ಬೇಡವೇ ಬೇಡವಾದ ಇಂಜಿನಿಯರಿಂಗ್!

"ಕಾಕಾ, ಬೇಕಾದ್ದನ್ನ ಮೊದಲ ಬರೀಬೇಕಂತ್ರಿ. ಪುಸ್ತಕದಾಗ ಐತ್ರಿ."

"ಪುಸ್ತಕ ಬರದಂವ ಎಂದಾದ್ರೂ ಚೀಲ ಖರೀದಿ ಮಾಡ್ಯಾನೇನು? ಬೇಕಾದ ಚೀಲದ ಮುಂದ ನಿಂದ್ರಬಾರದವಾ. ನಿಂತಿ ಅಂದ್ರ ರೇಟು ಏರತೈತಿ."

ನಾನು ಜಗಳವಾಡಬಹುದಿತ್ತು. ಆದರೆ ಓಟಿಪಿ ಬರುವುದು ಅವರ ಫೋನಿಗೆ.

ಅಣಕು ಹಂಚಿಕೆಯ ದಿನ ಬಂತು. ನಿಜವಾದ ಹಂಚಿಕೆಗೆ ಮೊದಲು, ಈಗಿನ ಪಟ್ಟಿಯಂತೆ ಏನು ಸಿಗುತ್ತದೆಂದು ತೋರಿಸುವ ವ್ಯವಸ್ಥೆ ಅದು. ಸೈಬರ್ ಅಂಗಡಿಯಲ್ಲಿ ಪರದೆ ನೋಡಿದೆವು. ಮೊದಲನೆಯ ಆಯ್ಕೆ, ಇಂಜಿನಿಯರಿಂಗ್, ಸಿಕ್ಕಿತ್ತು. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ.

ಕಾಕಾ ಬಹಳ ಹೊತ್ತು ಪರದೆ ನೋಡಿ ಅಂಗಡಿಯವರನ್ನು ಕೇಳಿದರು, "ಇದರಾಗ ಚೌಕಾಶಿನ ಇಲ್ಲೇನ್ರಿ?"

"ಇಲ್ರಿ ಯಜಮಾನ್ರ. ರ‍್ಯಾಂಕಿಗೆ ಬಂದ್ರ, ಕೇಳಿದ್ದು ಕೊಡತೈತ್ರಿ."

"ಕೇಳಿದ್ದು ಕೊಡತೈತಿ?"

ಮೂವತ್ತು ವರ್ಷದ ವ್ಯಾಪಾರದಲ್ಲಿ ಅಂಥ ಪೇಟೆಯನ್ನು ಅವರು ಕಂಡಿರಲಿಲ್ಲ. ಅಂಗಡಿಯಲ್ಲಿ ಅವರ ಜೊತೆಯ ಇಬ್ಬರು ಖರೀದಿದಾರರೂ ಇದ್ದರು. ಅವರೆದುರಿಗೇ ಕಾಕಾ ಜೋರಾಗಿ ಹೇಳಿದರು: "ನಮ್ಮ ಹುಡುಗಿಗೆ ಕೃಷಿ ಕಾಲೇಜ ಬೇಕು. ಒಂದನೇದಕ್ಕ ಹಾಕ್ರಿ." ಓಟಿಪಿಯನ್ನೂ ಇಡೀ ಅಂಗಡಿಗೆ ಕೇಳುವಂತೆ ಓದಿದರು. ಬೇಕಾದ ಚೀಲದ ಮುಂದೆ ಅವರು ನಿಂತದ್ದು ಅದೇ ಮೊದಲು.

ಪಟ್ಟಿ ಬದಲಿಸಲು ಇನ್ನೂ ನಾಲ್ಕು ದಿನ ಸಮಯವಿತ್ತು. ಮರುದಿನ ಕಾಕಾ ಒಬ್ಬರೇ ಹೋಗಿ ಆ ಕಾಲೇಜು ನೋಡಿ ಬಂದರು. ನಾನು ಬಾಗಿಲಲ್ಲೇ ಕಾದಿದ್ದೆ. ಚಿಲಕ ಇಲ್ಲದಿದ್ದರೆ ನನ್ನ ಗತಿ?

"ಹೆಂಗೈತ್ರಿ ಕಾಕಾ?"

"ಎಲ್ಲಾ ಚೊಲೋ ಐತಿ" ಎಂದರು. ಪೇಟೆಯ ಮುಖ. ಏನೂ ತಿಳಿಯಲಿಲ್ಲ.

ಸೀಟು ಸಿಕ್ಕಿತು. ಸೇರುವ ದಿನ ಟ್ರಂಕು ಹೊತ್ತು ಕಾಕಾನೇ ಬಂದರು. ಹಾಸ್ಟೆಲಿನ ಬಾಗಿಲಲ್ಲಿ ಅಡುಗೆಯ ಅಕ್ಕ ಅವರನ್ನು ಕಂಡು ನಕ್ಕಳು. "ಬಂದ್ರೇನ್ರಿ ಚಿಲಕದ ಕಾಕಾ? ಹೋದ ತಿಂಗಳ ನನ್ನ ಕೈಲೆ ಅಳತಿ ತಗಿಸಿಕೊಂಡು ಹೋಗಿದ್ರಿ. ತಂದೀರೇನು?"

ನಾನು ಓಡಿಹೋಗಿ ನೋಡಿದೆ. ಬಚ್ಚಲಮನೆಯ ಬಾಗಿಲಿಗೆ ಚಿಲಕವಿರಲಿಲ್ಲ. ಅದು ಇದ್ದ ಜಾಗದಲ್ಲಿ ನಾಲ್ಕು ತೂತು.

ತಿರುಗಿ ನೋಡುವಷ್ಟರಲ್ಲಿ ಕಾಕಾ ಚಪ್ಪಲಿ ಬಿಟ್ಟು ನೆಲಕ್ಕೆ ಕೂತಿದ್ದರು. ಚೀಲದ ತಳಕ್ಕೆ ಕೈ ಹಾಕಿ, ಹಳೆಯ ಪೇಪರಿನಲ್ಲಿ ಸುತ್ತಿದ ಸ್ಟೀಲಿನ ಚಿಲಕ, ನಾಲ್ಕು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ತೆಗೆದರು.

"ಅವತ್ತ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಅಂಜಿ ಬ್ಯಾರೇದು ಬರಿಯಾಕಿ" ಎಂದರು, ಸ್ಕ್ರೂ ತಿರುಗಿಸುತ್ತ. "ಒಳಗ ಹೋಗಿ ಹಾಕಿ ನೋಡು."

ನಾನು ಒಳಗೆ ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದೆ.

"ಬೀಳತೈತೇನು?"

"ಬೀಳತೈತ್ರಿ ಕಾಕಾ."

ಈ ಸಲ ಅವರು "ನಡಿ" ಎನ್ನಲಿಲ್ಲ. ನನಗೂ ಕೂಡಲೇ ಹೊರಗೆ ಬರಲಾಗಲಿಲ್ಲ. ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದೆ. ಹೊರಗೆ ಕಾಕಾ ಕೆಮ್ಮುವುದು ಕೇಳಿಸಿತು. ಒಂದು ಸಲ, ಮತ್ತೊಂದು ಸಲ.

ಅಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ.