ನನ್ನೊಬ್ಬನ ಬಿಟ್ಟು ಊರೆಲ್ಲ ನೋಡಿದ ಹೂವು

ನಾನೇ ಗುಂಡಿ ತೋಡಿ, ನಾನೇ ನೆಟ್ಟು, ನಾನೇ ಗೊಬ್ಬರದ ಚೀಲ ಹೊತ್ತು, ಸೊಂಟ ಹಿಡಿಸಿಕೊಂಡು ಬೆಳೆಸಿದ ಹೂವನ್ನು ನಮ್ಮ ಬೀದಿಯ ಪ್ರತಿಯೊಬ್ಬರೂ ನೋಡಿದ್ದಾರೆ. ಹಾಲಿನವನು ನೋಡಿದ್ದಾನೆ. ಪೇಪರಿನವನು ನೋಡಿದ್ದಾನೆ. ಎದುರು ಮನೆಯ ದರ್ಜಿ ದಿನಕ್ಕೆರಡು ಸಲ ನೋಡಿದ್ದಾನೆ. ದರ್ಜಿಯ ನಾಯಿ ಕೂಡ ನೋಡಿ, ತನ್ನ ಅಭಿಪ್ರಾಯವನ್ನು ಗಿಡದ ಬುಡದಲ್ಲೇ ದಾಖಲಿಸಿ ಹೋಗಿದೆ. ನೋಡದೆ ಉಳಿದವನು ನಾನೊಬ್ಬ. ಹೇಳಿದರೆ ಜನ ನಗುತ್ತಾರೆ. ನಗುವವರು ನಗಲಿ, ಹೊಟ್ಟೆ ಉರಿಯುವುದು ನನ್ನದು ತಾನೆ.

ನಾನು ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಮಾಡುವವನು ಅಂದ ಕೂಡಲೇ ನನ್ನ ಬಾಳು ರಂಗುರಂಗಾಗಿದೆ ಎಂದುಕೊಳ್ಳಬೇಡಿ. ನಾನಿರುವುದು ಬಿಳಿ ವಿಭಾಗದಲ್ಲಿ. ಇಪ್ಪತ್ತೆರಡು ವರ್ಷದಿಂದ ಬಿಳಿ ಗೋಡೆಯ ಕೋಣೆಯಲ್ಲಿ ಬಿಳಿ ಕೋಟು, ಬಿಳಿ ಟೋಪಿ ತೊಟ್ಟು ಬಿಳಿ ಬಣ್ಣದ ಡ್ರಮ್ಮುಗಳಿಗೆ ಬಗ್ಗಿ ನೋಡುತ್ತಿದ್ದೇನೆ. (ಬಿಳಿಯಲ್ಲಿ ಒಂಬತ್ತು ಬಗೆ. ಒಂಬತ್ತೂ ನನಗೆ ಒಂದೇ ಥರ ಕಾಣುತ್ತವೆ ಎಂಬುದನ್ನು ನಿವೃತ್ತಿಯಾಗುವ ತನಕ ಯಾರಿಗೂ ಹೇಳುವುದಿಲ್ಲ.) ಪಕ್ಕದಲ್ಲೇ ಕೆಂಪು ವಿಭಾಗವಿದೆ. ಆದರೆ ನಾವು ಅಲ್ಲಿಗೆ ಕಾಲಿಡುವಂತಿಲ್ಲ. ಚಪ್ಪಲಿಗೆ ಒಂದು ತೊಟ್ಟು ಕೆಂಪು ಅಂಟಿಕೊಂಡು ಬಂದರೂ ಡ್ರಮ್ಮುಗಟ್ಟಲೆ ಬಿಳಿ ಬಣ್ಣ ಗುಲಾಬಿ ಬಣ್ಣವಾಗಿ ಹೋಗುತ್ತದಂತೆ. ಇಂಥ ವೈರಾಗ್ಯದ ಬದುಕಿನಲ್ಲಿ ಒಂದು ದಿನ ನರ್ಸರಿಯ ಗೋಡೆಯ ಮೇಲೆ ಡೇಲಿಲಿ ಎಂಬ ಕೆಂಪು ಹೂವಿನ ಚಿತ್ರ ಕಂಡೆ. ಕಂಡವನೇ ಮನಸೋತೆ.

ನರ್ಸರಿಯವನು ಸುಳ್ಳು ಹೇಳಲಿಲ್ಲ. "ಇದು ಒಂದೇ ದಿನದ ಹೂವು ಸಾರ್. ಬೆಳಿಗ್ಗೆ ಅರಳುತ್ತೆ, ಸಂಜೆಗೆ ಮುಗೀತು. ಆದ್ರೆ ಒಂದು ದಂಟಲ್ಲಿ ಹತ್ತು ಹನ್ನೆರಡು ಮೊಗ್ಗು ಇರುತ್ತೆ. ಇವತ್ತಿನದು ಹೋದ್ರೆ ನಾಳೆ ಇನ್ನೊಂದು" ಎಂದ. ನಮ್ಮ ಗಿಡ ಮೂರು ದಂಟು ಬಿಟ್ಟಿತು. ಒಟ್ಟು ಮೂವತ್ತನಾಲ್ಕು ಮೊಗ್ಗು. ಅಷ್ಟರಲ್ಲಿ ಒಂದಾದರೂ ನನ್ನ ಪಾಲಿಗೆ ಬಾರದೆ ಹೋದೀತೇ ಎಂದುಕೊಂಡೆ.

ಗಿಡಕ್ಕೆ ಜಾಗ ಸಿಕ್ಕಿದ್ದು ಗೇಟಿನ ಹೊರಗೆ, ಕಾಂಪೌಂಡಿಗೂ ರಸ್ತೆಗೂ ನಡುವಿನ ಎರಡಡಿ ಮಣ್ಣಿನಲ್ಲಿ. ಒಳಗಿನ ತೋಟ ನನ್ನವಳದು. ಅಲ್ಲಿ ಟೊಮೇಟೊ, ಮೆಣಸಿನಕಾಯಿ, ಸೊಪ್ಪು. "ತಿನ್ನೋಕಾಗುತ್ತಾ?" ಎಂದು ಕೇಳಿದಳು. ಆಗುವುದಿಲ್ಲ, ನೋಡುವುದಕ್ಕೆ ಎಂದೆ. "ಹಾಗಾದ್ರೆ ಹೊರಗಿರ್ಲಿ, ನೋಡೋರೆಲ್ಲ ಹೊರಗೇ ಓಡಾಡೋದು" ಎಂದಳು. ಅವಳ ಬಾಯಿಂದ ಯಾವ ಗಳಿಗೆಯಲ್ಲಿ ಆ ಮಾತು ಬಂತೋ, ಅಕ್ಷರಶಃ ನಿಜವಾಯಿತು.

ಮೊದಲ ಮೊಗ್ಗು ಕೆಂಪೇರುವ ಹೊತ್ತಿಗೆ ಕಾರ್ಖಾನೆಗೆ ಅಗ್ನಿಶಾಮಕ ದಳದ ದೊಡ್ಡ ಆರ್ಡರು ಬಂತು. ಊರಿನ ಎಲ್ಲ ಫೈರ್ ಇಂಜಿನ್ನುಗಳಿಗೂ ಹೊಸ ಕೆಂಪು ಬಳಿಯಬೇಕಂತೆ, ಏಣಿಗಳಿಗೆ ಬಿಳಿ. ಎಲ್ಲರಿಗೂ ಡಬಲ್ ಶಿಫ್ಟು, ಭಾನುವಾರ ಬಿಟ್ಟರೆ ರಜೆ ಬಂದ್. ಬೆಳಿಗ್ಗೆ ಕತ್ತಲಿರುವಾಗಲೇ ಮನೆ ಬಿಡುತ್ತಿದ್ದೆ, ಕತ್ತಲಾದ ಮೇಲೆ ಬರುತ್ತಿದ್ದೆ. ಹೋಗುವಾಗ ಟಾರ್ಚು ಬಿಟ್ಟು ನೋಡಿದರೆ ಬಾಯಿ ಬಿಗಿದ ಮೊಗ್ಗು. ಬರುವಾಗ ನೋಡಿದರೆ ಹಿಂಡಿ ಎಸೆದ ಕರ್ಚೀಫಿನಂಥದೊಂದು ಮುದ್ದೆ. ನಡುವೆ ಅಲ್ಲೇನು ನಡೆಯಿತು ಎಂಬುದಕ್ಕೆ ನನ್ನವಳು, ನಮ್ಮಲ್ಲೇ ಇರುವ ಅತ್ತೆ, ಮೂರನೇ ಕ್ಲಾಸಿನ ಮಗಳು, ಈ ಮೂವರ ಸಾಕ್ಷಿಯೇ ಗತಿ. ಊಟಕ್ಕೆ ಕೂತರೆ ಸಾಕು, "ಅಯ್ಯೋ, ಇವತ್ತಿಂದು ನೀವು ನೋಡ್ಬೇಕಿತ್ತು ರೀ" ಎಂದು ನನ್ನವಳು ಶುರು ಮಾಡುತ್ತಿದ್ದಳು.

ವಾರದ ರಜೆ ಇರಲಿಲ್ಲವೇ ಎಂದು ಕೇಳುತ್ತೀರಿ. ಭಾನುವಾರವೊಂದು ಇತ್ತು. ಮೊದಲ ಭಾನುವಾರ ನನ್ನವಳ ತಮ್ಮ ಮನೆ ಬದಲಾಯಿಸಿದ. ಬೀರು ಹೊರಲು ಭಾವ ಬೇಕೆಂದು ನಸುಕಿನಲ್ಲೇ ಕರೆದುಕೊಂಡು ಹೋದವನು ಕತ್ತಲಾದ ಮೇಲೆ ಕಳಿಸಿದ. ಎರಡನೆಯ ಭಾನುವಾರ ಕುರ್ಚಿ ಹಾಕಿಕೊಂಡು ಗಿಡದೆದುರು ಕೂತೆ. ಶನಿವಾರ ಮೂರು ಅರಳಿದ್ದವು, ಸೋಮವಾರ ನಾಲ್ಕು ಅರಳಿದವು, ಭಾನುವಾರ ಒಂದೂ ಇಲ್ಲ. ಗಿಡವೂ ವಾರದ ರಜೆ ತೆಗೆದುಕೊಂಡಿತ್ತು.

ಫೋಟೋ ಕಳಿಸೆಂದರೆ ನನ್ನವಳು ಕಳಿಸಿದಳು. ಮುಕ್ಕಾಲು ಪಾಲು ಅವಳ ಹೆಬ್ಬೆರಳು, ಉಳಿದದ್ದು ಕಿತ್ತಳೆ ಬಣ್ಣದ ಮಬ್ಬು. ಕೊನೆಗೆ ಕಾರ್ಖಾನೆಯ ಬಣ್ಣದ ಪಟ್ಟಿಯನ್ನೇ ಮನೆಗೆ ತಂದೆ. ಅದರಲ್ಲಿ ಕೆಂಪಿಗೆ ಇಪ್ಪತ್ತನಾಲ್ಕು ನಂಬರುಗಳಿವೆ. ಹೂವಿನ ಪಕ್ಕ ಹಿಡಿದು ಯಾವುದೆಂದು ಗುರುತು ಮಾಡಿ ಎಂದು ಹೇಳಿಹೋದೆ. ಸಂಜೆ ಬಂದು ನೋಡಿದರೆ ನನ್ನವಳು ಹದಿನೇಳಕ್ಕೆ ಗುರುತು ಹಾಕಿದ್ದಳು, ಅತ್ತೆ ಒಂಬತ್ತಕ್ಕೆ. ಹದಿನೇಳು ಕಪ್ಪೆಂದು ಅತ್ತೆ, ಒಂಬತ್ತು ಇಟ್ಟಿಗೆಯೆಂದು ಇವಳು. ತಾಯಿ ಮಗಳು ಎರಡು ದಿನ ಮಾತು ಬಿಟ್ಟರು. ಹೂವು ಬೆಳಿಗ್ಗೆ ಹದಿನೇಳಾಗಿದ್ದು, ಬಿಸಿಲಿಗೆ ಬಾಡಿ ಮಧ್ಯಾಹ್ನ ಒಂಬತ್ತಾಗುತ್ತದೆಂದು ನನ್ನ ಮಗಳು ತೀರ್ಪು ಕೊಟ್ಟ ಮೇಲೆಯೇ ಮನೆಯಲ್ಲಿ ಶಾಂತಿ ನೆಲೆಸಿದ್ದು.

ನೋಡನೋಡುತ್ತ, ಅಂದರೆ ಅವರು ನೋಡನೋಡುತ್ತ, ಮೂವತ್ತಮೂರು ಹೂವು ಮುಗಿದವು. ಒಂದೇ ಒಂದು ಮೊಗ್ಗು ಉಳಿಯಿತು. ಅದು ತಪ್ಪಿದರೆ ಮುಂದಿನ ವರ್ಷವೇ. ಅದು ಬುಧವಾರ ಅರಳುವುದೆಂದು ಮೂವರೂ ಒಮ್ಮತದಿಂದ ಹೇಳಿದರು. (ನಮ್ಮ ಮನೆಯಲ್ಲಿ ಒಮ್ಮತ ಮೂಡಿದ್ದು ಅದೇ ಮೊದಲು.) ನಾನು ಮ್ಯಾನೇಜರ ಬಳಿ ಹೋಗಿ, ಮಾನ ಮರ್ಯಾದೆ ಬಿಟ್ಟು, ಹೂವು ನೋಡಲು ಒಂದು ದಿನ ರಜೆ ಬೇಕೆಂದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು. "ಜ್ವರ ಬಂದ್ರೆ ಹೇಳಿ, ಕೊಡೋಣ. ಹೂವಿಗೆಲ್ಲ ಆಗಲ್ಲ" ಎಂದರು. ಹೀಗೆ ದಾರಿಯನ್ನು ಅವರೇ ತೋರಿಸಿದ ಮೇಲೆ ಬುಧವಾರ ಬೆಳಿಗ್ಗೆ ನನಗೆ ಜ್ವರ ಬಾರದೆ ಇದ್ದೀತೇ?

ನಮ್ಮ ಮ್ಯಾನೇಜರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕಾರ್ಖಾನೆಯಲ್ಲಿ ಯಾರಿಗೆ ಮೈ ಹುಷಾರಿಲ್ಲದಿದ್ದರೂ ಅವರು ಖುದ್ದಾಗಿ ಮನೆಗೆ ಹೋಗಿ ನೋಡಿಕೊಂಡು ಬರುತ್ತಾರೆ. ಇದು ನನಗೆ ಗೊತ್ತಿತ್ತು. ಆದರೆ ಇಷ್ಟು ಕೆಲಸದ ನಡುವೆ ಯಾಕೆ ಬಂದಾರು ಎಂದುಕೊಂಡೆ.

ಬುಧವಾರ ಏಳು ಗಂಟೆಗೆ ನನ್ನವಳು ಗೇಟಿನಿಂದಲೇ ಕೂಗಿದಳು, ಅರ್ಧ ಅರಳಿದೆ, ಬಂದು ನೋಡಿಕೊಂಡು ಹೋಗಿ ಎಂದು. ಇಲ್ಲೇ ನಾನು ಎಡವಿದ್ದು. ಇಷ್ಟು ದಿನ ಕಾದವನು ಅರ್ಧ ಹೂವು ನೋಡುವುದೇ? ಎಂಟೂವರೆಗೆ ಪೂರ್ತಿ ಅರಳಲಿ, ಆಮೇಲೆ ಬರುತ್ತೇನೆ ಎಂದೆ. ಹಾಡು ಹೇಳುತ್ತ ಸ್ನಾನ ಮಾಡಿದೆ. ಗಡ್ಡ ತೆಗೆದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟು ಹಾಕಿ, ತಲೆ ಬಾಚಿಕೊಂಡೆ. ಎಂಟು ಇಪ್ಪತ್ತೈದಕ್ಕೆ ಬಾಗಿಲ ಬಳಿ ಬಂದೆ. ಅಷ್ಟರಲ್ಲಿ ಹೊರಗೆ ಮ್ಯಾನೇಜರ ಸ್ಕೂಟರಿನ ಸದ್ದು ಕೇಳಿಸಿತು.

ಬೂಟಿನ ಸಮೇತ ಹಾಸಿಗೆಗೆ ಹಾರಿದೆ. ನನ್ನವಳು ಮೂರು ಕಂಬಳಿ ಹೊದಿಸಿ, ಒದ್ದೆ ಬಟ್ಟೆಯೊಂದನ್ನು ತಂದು ಹಣೆಯ ಮೇಲೆ ಹಾಕಿದಳು. ಕಣ್ಣಿನ ಕಳ್ಳತನ ಕಾಣಬಾರದೆಂದು ಅದನ್ನು ಮೂಗಿನ ತನಕ ಎಳೆದಳು. ಮ್ಯಾನೇಜರು ಒಳಗೆ ಬಂದರು. ಅತ್ತೆ ಬಾಗಿಲಲ್ಲೇ ನಿಂತು, "ಜ್ವರವೇ? ಈಗ ತಾನೇ ಹಾಡ್ತಾ ಸ್ನಾನ ಮಾಡಿದ್ರಲ್ಲ ಅಳಿಯಂದಿರು" ಎಂದರು.

"ಜ್ವರದ ಬಡಬಡಿಕೆ ಸಾರ್ ಅದು" ಎಂದಳು ನನ್ನವಳು. "ಬೆಳಕು ಕಣ್ಣಿಗೆ ಬಿದ್ರೆ ತಡೆಯೋಕಾಗಲ್ಲ ಅವರಿಗೆ."

ಹೆಂಡತಿಯ ಜಾಣತನ ಗಂಡನನ್ನು ಕಾಯುತ್ತದೆ ಎನ್ನುತ್ತಾರೆ. ನನ್ನವಳ ಜಾಣತನ ನನ್ನ ಕಣ್ಣು ಕಟ್ಟಿತು. ಮ್ಯಾನೇಜರು ಹಾಸಿಗೆಯ ಅಂಚಿಗೆ ಕೂತು, ಬಟ್ಟೆ ಸರಿಯದಂತೆ ತಮ್ಮ ಕೈಯಿಂದಲೇ ಒತ್ತಿಹಿಡಿದರು. "ಕಣ್ಣು ಬಿಡಬೇಡಿ. ರೋಗಿ ಮನೆಗೆ ಬರಿಗೈಲಿ ಬರಬಾರದು ನೋಡಿ, ಅಂಗಡಿ ಯಾವುದೂ ತೆಗೆದಿರಲಿಲ್ಲ. ನಿಮ್ಮ ಗೇಟಿನ ಹತ್ರ ಒಂದೇ ಒಂದು ಹೂವಿತ್ತು, ಅದನ್ನೇ ಕಿತ್ಕೊಂಡು ಬಂದೆ" ಎಂದು ನನ್ನ ಅಂಗೈಯಲ್ಲಿ ಏನನ್ನೋ ಇಟ್ಟರು.

ತಣ್ಣಗಿತ್ತು. ಬೆರಳಾಡಿಸಿ ಎಣಿಸಿದೆ, ಆರು ಎಸಳು. ನನಗೆ ಅಳು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಿಜವಾಗಿಯೂ ಅತ್ತುಬಿಟ್ಟೆ. ನನ್ನ ಮೇಲೆ ನಿಮಗಿಷ್ಟು ಅಭಿಮಾನವೇ ಎಂದು ಮ್ಯಾನೇಜರೂ ಗದ್ಗದರಾದರು. ಅವರು ಹೊರಟ ಕೂಡಲೇ ಬಟ್ಟೆ ಕಿತ್ತೆಸೆದು ನೋಡಿದರಾಯಿತು, ಕಿತ್ತದ್ದಾದರೂ ಹೂವು ಹೂವೇ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಅವರು ಥಟ್ಟನೆ ಎದ್ದು ನಿಂತರು.

"ತಡೀರಿ ತಡೀರಿ. ಆ ಫೈರ್ ಇಂಜಿನ್ನಿನವರು ಮೂರು ವಾರದಿಂದ ಕೇಳ್ತಿರೋ ಕೆಂಪು ಇದೇ ಅಲ್ವೇ?" ಎಂದು ನನ್ನ ಅಂಗೈಯಿಂದ ಹೂವನ್ನು ಎತ್ತಿಕೊಂಡರು. ನನ್ನವಳಿಂದ ಒಂದು ಊಟದ ಡಬ್ಬಿ ಕೇಳಿ ತೆಗೆದುಕೊಂಡು, ಹೂವನ್ನು ಅದರಲ್ಲಿಟ್ಟು ಮುಚ್ಚಿ ಹೊರಟೇಬಿಟ್ಟರು. ಸ್ಕೂಟರಿನ ಸದ್ದು ಬೀದಿ ದಾಟಿತು. ನಾನು ಬಟ್ಟೆ ತೆಗೆದು ನೋಡಿದೆ. ಅಂಗೈಯಲ್ಲಿ ಸ್ವಲ್ಪ ಹಳದಿ ಪುಡಿ ಉಳಿದಿತ್ತು.

ಮಾರನೆಯ ದಿನ ಡಬ್ಬಿ ವಾಪಸು ಬಂತು, ಒಳಗೆ ಅದೇ ಹಿಂಡಿದ ಕರ್ಚೀಫು. ಆದರೆ ಅಷ್ಟರಲ್ಲಿ ಕೆಂಪು ವಿಭಾಗದವರೆಲ್ಲ ಹೂವು ನೋಡಿಯಾಗಿತ್ತು. ಅದನ್ನು ಎದುರಿಗಿಟ್ಟುಕೊಂಡು ಹೊಸ ಬಣ್ಣ ಕಲಸಿದ್ದರು, ಆರ್ಡರು ಪಾಸಾಗಿತ್ತು, ಕೆಂಪು ಇಪ್ಪತ್ತೈದು ಎಂದು ಅದಕ್ಕೆ ನಂಬರೂ ಬಿದ್ದಿತ್ತು. ಆ ಬಣ್ಣವನ್ನಾದರೂ ನೋಡುತ್ತೇನೆಂದು ಹೋದರೆ ಬಾಗಿಲಲ್ಲೇ ತಡೆದರು. ಬಿಳಿಯವರಿಗೆ ಪ್ರವೇಶವಿಲ್ಲ.

ವಾರ ಕಳೆದ ಮೇಲೆ ಮಗಳು ಸ್ಕೂಲಿನಿಂದ ಓಡಿಬಂದು, "ಅಪ್ಪ, ನಮ್ಮ ಹೂವು ರಸ್ತೇಲಿ ಗಂಟೆ ಹೊಡ್ಕೊಂಡು ಓಡ್ತಿತ್ತು" ಎಂದಳಂತೆ. ನಾನು ಕಾರ್ಖಾನೆಯಲ್ಲಿದ್ದೆ. ಮನೆಗೆ ಬಂದು ಕೇಳಿದವನು ಊಟ ಬೇಡವೆಂದು ಮಲಗಿದೆ. ನನ್ನ ಹೂವನ್ನು ನಾನು ನೋಡಬೇಕಾದರೆ ಇನ್ನು ಯಾರದೋ ಮನೆಗೆ ಬೆಂಕಿ ಬೀಳಬೇಕು! ಅತ್ತೆಗೆ ಕರುಳು ಚುರುಕ್ಕೆಂದಿತು. ನನ್ನ ಮೇಲೆ ಅವರಿಗೆ ಮೊದಲಿಂದಲೂ ಪ್ರೀತಿ ಜಾಸ್ತಿ, ಯೋಚನೆ ಕಡಿಮೆ.

ಮುಂದಿನ ಭಾನುವಾರ ಹತ್ತು ಗಂಟೆಗೆ ಅತ್ತೆ ಗೇಟಿನ ಹೊರಗೆ ಒಂದು ಕುರ್ಚಿ ಹಾಕಿಸಿ, ಬೀದಿಯ ತಿರುವಿನ ಕಡೆ ಮುಖ ಮಾಡಿ ಕೂತುಕೊಳ್ಳಿ ಎಂದರು. ಯಾಕೆಂದು ಕೇಳಿದರೆ ಸುಮ್ಮನೆ ಕೂತಿರಿ ಎಂದರು. ಹಿರಿಯರ ಮಾತು, ಕೂತೆ. ಕಾಲು ಗಂಟೆಯಲ್ಲಿ ದೂರದಲ್ಲಿ ಗಂಟೆ ಕೇಳಿಸಿತು, ಹತ್ತಿರವಾಯಿತು, ನಮ್ಮ ಬೀದಿಗೇ ತಿರುಗಿತು. ಜನ ಬಕೆಟ್ಟು ಹಿಡಿದು ಹೊರಗೆ ಬಂದರು. ನಾನು ಕುರ್ಚಿ ಎತ್ತಿಕೊಂಡು ಪಕ್ಕಕ್ಕೆ ಸರಿದೆ. ಇಂಜಿನ್ನು ಬಂದು, ಹಿಂದೆ ಮುಂದೆ ಆಡಿ, ನಮ್ಮ ಗೇಟಿನೆದುರು ಅಡ್ಡಲಾಗಿ ನಿಂತಿತು.

ಅಬ್ಬಾ, ಆ ಕೆಂಪು! ನನ್ನ ಕಣ್ಣು ತುಂಬಿ ಬಂತು. ಇಪ್ಪತ್ತೆರಡು ವರ್ಷದ ಬಿಳಿಯೆಲ್ಲ ಒಂದೇ ಸಲಕ್ಕೆ ತೊಳೆದುಹೋದಂತಾಯಿತು. ಕೊನೆಗೂ ನೋಡಿದೆ ಕಣೇ ಎಂದೆ ನನ್ನವಳಿಗೆ. ಅವಳು ಸೆರಗಿಗೆ ಕೈ ಒರೆಸುತ್ತ ಬಂದು, ಇಂಜಿನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇದಲ್ಲ ರೀ. ಹೂವು ಇನ್ನೂ ಗಾಢ."

ಇದೇ ತುಸು ಕಪ್ಪಾಯಿತೆಂದು ಅತ್ತೆ ಹೇಳಿದರು. ತಾಯಿ ಮಗಳ ಹದಿನೇಳು ಒಂಬತ್ತರ ಜಗಳ ಇಂಜಿನ್ನಿನ ಎದುರೇ ಮತ್ತೆ ಶುರುವಾಯಿತು. ನಡುವೆ ಟೋಪಿ ತೊಟ್ಟ ಅಧಿಕಾರಿ ಬಂದು ಬೆಂಕಿ ಎಲ್ಲಿ ಎಂದು ಕೇಳಿದರು.

"ಬೆಂಕಿ ಅಂತ ನಾನು ಹೇಳೇ ಇಲ್ಲಪ್ಪ" ಎಂದರು ಅತ್ತೆ. "ಫೋನಲ್ಲಿ ವಿಳಾಸ ಹೇಳಿ ಬೇಗ ಬನ್ನಿ ಅಂದೆ, ಅಷ್ಟೇ. ಪಾಪ, ನಮ್ಮ ಅಳಿಯಂದಿರು ಬಣ್ಣ ನೋಡಬೇಕಿತ್ತು."

ಅಧಿಕಾರಿ ಅಳಿಯಂದಿರನ್ನು ನೋಡಿದ ನೋಟವನ್ನು ನಾನಿಲ್ಲಿ ವರ್ಣಿಸುವುದಿಲ್ಲ. ಎರಡು ಪುಟದ ಕ್ಷಮಾಪಣೆ ಪತ್ರವನ್ನು ಕುರ್ಚಿಯ ಮೇಲಿಟ್ಟು, ಬೀದಿಯವರೆಲ್ಲರ ಎದುರು ಮಂಡಿಯೂರಿ ಬರೆದುಕೊಟ್ಟೆ. ಇಂಜಿನ್ನು ಗೊರಗೊರ ಎಂದು ಮುಂದಕ್ಕೆ ಸರಿಯಿತು. ಆಗ ಅದರ ಹಿಂದಿನ ಗಾಲಿ ಇಷ್ಟು ಹೊತ್ತೂ ಎಲ್ಲಿತ್ತೆಂದು ಕಾಣಿಸಿತು. ನನ್ನ ಗಿಡ ಮಣ್ಣಿನಲ್ಲಿ ಚಪ್ಪಟೆಯಾಗಿ ಮಲಗಿತ್ತು. ರಸ್ತೆಯ ಬದಿಗೆ, ಎಲೆಗಳ ಮರೆಯಲ್ಲಿ ಬಂದಿದ್ದ ನಾಲ್ಕನೆಯ ದಂಟೊಂದು ಮುರಿದು ಬಿದ್ದಿತ್ತು. ನಮ್ಮ ಲೆಕ್ಕಕ್ಕೆ ಸಿಗದ ದಂಟು. ಅದರ ತುದಿಯಲ್ಲಿ ಗಾಲಿಯ ಗೀರುಗಳ ನಡುವೆ ಅರೆದುಹೋದ ಆರು ಎಸಳು, ಪೂರ್ತಿ ಮಣ್ಣಿನ ಬಣ್ಣ.

ಇದು ಯಾವಾಗ ಅರಳಿತು ಎಂದು ನಾನು ಯಾರನ್ನೂ ಉದ್ದೇಶಿಸದೆ ಕೇಳಿದೆ. ಎದುರು ಮನೆಯ ದರ್ಜಿ ಬಕೆಟ್ಟು ಕೆಳಗಿಟ್ಟು ಹತ್ತಿರ ಬಂದ.

"ಬೆಳಿಗ್ಗೆ ಆರರಿಂದ ಇತ್ತಲ್ಲ ಸಾರ್. ಏನ್ ಚೆನ್ನಾಗಿತ್ತು ಅಂತೀರಿ. ನೀವು ಅದರ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ರಿ, ಬೆನ್ನು ಮಾತ್ರ ಅದರ ಕಡೆಗಿತ್ತು."